ಹ್ಯಾಮರ್ ಹುಡುಕಾಟದ ಫಲಿತಾಂಶಗಳನ್ನು ಆಬ್ಜೆಕ್ಟ್‌ಗಳಾಗಿ ಕಟ್ಟುವುದು: ಸಮಗ್ರ ಮಾರ್ಗದರ್ಶಿ

ಒಂದು ಪ್ರೋಟೀನ್ ಯಾವ ಕುಟುಂಬದ್ದು ಎಂದು ತಿಳಿಯಲು ಅದನ್ನು ಇನ್ನೊಂದು ಪ್ರೋಟೀನಿನ ಪಕ್ಕ ಇಟ್ಟು ನೋಡಬಹುದು. ಬ್ಲಾಸ್ಟ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಇಡೀ ಕುಟುಂಬದ ಅಲೈನ್‌ಮೆಂಟಿನಿಂದ, ಅಂದರೆ ಅದರ ಪ್ರೋಟೀನುಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಸಾಲಾಗಿಟ್ಟ ಜೋಡಣೆಯಿಂದ, ಒಂದು ಮಾದರಿ ಕಟ್ಟಿ, ಆ ಮಾದರಿಯ ಪಕ್ಕ ಇಟ್ಟು ನೋಡುವುದು ಇನ್ನೊಂದು ದಾರಿ. ಯಾವ ಜಾಗದಲ್ಲಿ ಯಾವ ಅಮೈನೋ ಆಮ್ಲ ಗಟ್ಟಿಯಾಗಿ ಉಳಿದಿದೆ, ಎಲ್ಲಿ ಬದಲಾವಣೆಗೆ ಎಡೆಯಿದೆ, ಎಲ್ಲಿ ಹೆಚ್ಚುವರಿ ತುಂಡು ಸೇರಿಕೊಳ್ಳಬಹುದು ಎಂಬುದೆಲ್ಲ ಆ ಮಾದರಿಯಲ್ಲಿ ಸಂಭವನೀಯತೆಗಳಾಗಿ ಕೂತಿರುತ್ತದೆ. ದೂರದ ಸಂಬಂಧಿಗಳನ್ನು ಹುಡುಕುವಾಗ ಈ ಎರಡನೆಯ ದಾರಿಯೇ ಬಲವಾದದ್ದು. ಪ್ರೋಟೀನ್ ಕುಟುಂಬಗಳಿಗೆ ಪಿಫ್ಯಾಮ್ ಸಂಗ್ರಹ, ಹುಡುಕಲು ಶಾನ್ ಎಡ್ಡಿ ಶುರುಮಾಡಿದ ಹ್ಯಾಮರ್ ತಂತ್ರಾಂಶ: ಈ ಜೋಡಿ ಬಹಳ ಕಾಲದಿಂದ ಈ ಕ್ಷೇತ್ರದ ಬೆನ್ನೆಲುಬಾಗಿದೆ. ಪಿಫ್ಯಾಮ್‌ನಲ್ಲಿ ಈಗ 20 ಸಾವಿರಕ್ಕೂ ಹೆಚ್ಚು ಕುಟುಂಬಗಳ ಮಾದರಿಗಳಿವೆ.

ಹ್ಯಾಮರ್ ಓಡಿಸುವುದು ಸುಲಭ. ಅದು ಕೊಟ್ಟ ಫಲಿತಾಂಶವನ್ನು ಕೋಡ್‌ನಲ್ಲಿ ತಪ್ಪಿಲ್ಲದೆ ಹಿಡಿದಿಡುವುದು ಕಷ್ಟ. ಬ್ಲಾಸ್ಟ್‌ಗೆ ಬರೆದ ಕ್ಲಾಸ್‌ಗಳನ್ನೇ ಇಲ್ಲಿಗೂ ಎಳೆದು ತಂದರೆ ಕೋಡ್ ಓಡುತ್ತದೆ, ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಹಾಗಾಗದಂತೆ ಆಬ್ಜೆಕ್ಟ್‌ಗಳನ್ನು ಕಟ್ಟುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪೈಥಾನ್ ಮತ್ತು ಪರ್ಲ್ ಎರಡರ ಲೈಬ್ರರಿಗಳೂ ಬರುತ್ತವೆ. ಕ್ಲಾಸ್ ಎಂದರೇನು, ಲೂಪ್ ಎಂದರೇನು ಗೊತ್ತಿದ್ದರೆ ಸಾಕು.

ಹಂತ 1: ಪ್ರಶ್ನೆ ಯಾವುದು, ಗುರಿ ಯಾವುದು ಎಂಬ ಗೊಂದಲ ಬಿಡಿಸಿಕೊಳ್ಳಿ

ಹ್ಯಾಮರ್‌ನಲ್ಲಿ ಎರಡು ಮುಖ್ಯ ಪ್ರೋಗ್ರಾಂಗಳಿವೆ. ಎಚ್‌ಎಂಎಂಸರ್ಚ್ ಒಂದು ಮಾದರಿಯನ್ನು ಹಿಡಿದು ಸೀಕ್ವೆನ್ಸ್‌ಗಳ (ಪ್ರೋಟೀನುಗಳ ಅಮೈನೋ ಆಮ್ಲಗಳನ್ನು ಅಕ್ಷರಗಳಾಗಿ ಬರೆದ ಸಾಲುಗಳ) ರಾಶಿಯಲ್ಲಿ ಹುಡುಕುತ್ತದೆ. ಎಚ್‌ಎಂಎಂಸ್ಕ್ಯಾನ್ ಒಂದು ಸೀಕ್ವೆನ್ಸ್ ಹಿಡಿದು ಮಾದರಿಗಳ ರಾಶಿಯಲ್ಲಿ ಹುಡುಕುತ್ತದೆ. ಲೆಕ್ಕ ಎರಡರಲ್ಲೂ ಒಂದೇ: ಒಂದು ಮಾದರಿ, ಒಂದು ಸೀಕ್ವೆನ್ಸ್, ಅವೆರಡರ ಹೊಂದಿಕೆ. ಆದರೆ ಮೊದಲನೆಯದರಲ್ಲಿ ಕ್ವೆರಿ (ಹುಡುಕಲು ಕೊಟ್ಟ ಪ್ರಶ್ನೆ) ಎಂದರೆ ಮಾದರಿ, ಹಿಟ್ (ಸಿಕ್ಕ ಗುರಿ) ಎಂದರೆ ಸೀಕ್ವೆನ್ಸ್. ಎರಡನೆಯದರಲ್ಲಿ ಇದು ಪೂರ್ತಿ ತಿರುಗುಮುರುಗು.

ಆದ್ದರಿಂದ ನಿಮ್ಮ ಕ್ಲಾಸ್‌ನಲ್ಲಿ 'ಕ್ವೆರಿ', 'ಹಿಟ್' ಎಂಬ ಹೆಸರಿನ ಗುಣಗಳನ್ನು ಇಡಬೇಡಿ. 'ಮಾದರಿ', 'ಸೀಕ್ವೆನ್ಸ್' ಎಂದೇ ಇಡಿ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹುಡುಕಾಟದ ದಿಕ್ಕು ಪ್ರೋಗ್ರಾಂ ಓಡಿಸಿದವರ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಮಾದರಿ ಎಂದೂ ಸೀಕ್ವೆನ್ಸ್ ಆಗುವುದಿಲ್ಲ. ದಿಕ್ಕನ್ನು ಫೈಲ್ ಓದುವ ಪಾರ್ಸರ್‌ನ ಒಳಗೇ ಮುಗಿಸಿಬಿಟ್ಟರೆ ಮುಂದಿನ ಯಾವ ಕೋಡಿಗೂ ಅದರ ಚಿಂತೆ ಇರುವುದಿಲ್ಲ.

ಸಿದ್ಧ ಲೈಬ್ರರಿಗಳಲ್ಲೂ ಈ ಎಡವಟ್ಟು ಕಾಣುತ್ತದೆ. ಬಯೋಪರ್ಲ್‌ನ ಸರ್ಚ್‌ಐಒ ಹ್ಯಾಮರ್ ಫಲಿತಾಂಶಕ್ಕೆಂದೇ ಪ್ರತ್ಯೇಕ ಕ್ಲಾಸ್‌ಗಳನ್ನು ಕೊಡುತ್ತದೆ. ಅಲ್ಲಿ ನೆಕ್ಸ್ಟ್‌ಹಿಟ್‌ಗೆ ನೆಕ್ಸ್ಟ್‌ಮಾಡೆಲ್ ಎಂಬ ಇನ್ನೊಂದು ಹೆಸರಿದೆ, ನೆಕ್ಸ್ಟ್‌ಎಚ್‌ಎಸ್‌ಪಿಗೆ ನೆಕ್ಸ್ಟ್‌ಡೊಮೇನ್ ಎಂಬ ಹೆಸರಿದೆ (ಎಚ್‌ಎಸ್‌ಪಿ ಎಂದರೆ ಹಿಟ್‌ನೊಳಗೆ ಹೊಂದಿದ ಒಂದು ಭಾಗ, ಡೊಮೇನ್ ಎಂದರೆ ಪ್ರೋಟೀನಿನ ಒಂದು ಸ್ವತಂತ್ರ ಘಟಕ). ಎಚ್‌ಎಂಎಂಸ್ಕ್ಯಾನ್ ಫೈಲಿಗೆ ಈ ಹೆಸರುಗಳು ಚೆನ್ನಾಗಿ ಒಪ್ಪುತ್ತವೆ. ಎಚ್‌ಎಂಎಂಸರ್ಚ್ ಫೈಲ್ ಓದುವಾಗ ಮಾತ್ರ ನೆಕ್ಸ್ಟ್‌ಮಾಡೆಲ್ ಎಂದು ಕರೆದರೂ ಕೈಗೆ ಬರುವುದು ಸೀಕ್ವೆನ್ಸ್. ಬಯೋಪೈಥಾನ್ ಬೇರೆ ದಾರಿ ಹಿಡಿದಿದೆ: ಡೊಮೇನ್ ಟೇಬಲ್ ಓದಲು ಎಚ್‌ಎಂಎಂಸರ್ಚ್3-ಡಾಮ್‌ಟ್ಯಾಬ್, ಎಚ್‌ಎಂಎಂಸ್ಕ್ಯಾನ್3-ಡಾಮ್‌ಟ್ಯಾಬ್ ಎಂದು ಎರಡು ಬೇರೆ ಫಾರ್ಮ್ಯಾಟ್ ಹೆಸರುಗಳಿವೆ. ತಪ್ಪು ಹೆಸರು ಕೊಟ್ಟರೂ ಫೈಲ್ ಓದಲು ಬರುತ್ತದೆ, ಯಾಕೆಂದರೆ ಕಾಲಂಗಳ ಸಂಖ್ಯೆ ಒಂದೇ. ಆದರೆ ಮಾದರಿಯ ಮೇಲಿನ ಜಾಗಗಳು ಸೀಕ್ವೆನ್ಸಿನ ಜಾಗಗಳಾಗಿ ಕೂರುತ್ತವೆ.

ಕೈಯಲ್ಲಿರುವ ಫೈಲ್ ಯಾವುದರದ್ದು ಎಂದು ಊಹಿಸುವ ಅಗತ್ಯವೇ ಇಲ್ಲ. ಪೂರ್ಣ ಪಠ್ಯ ಔಟ್‌ಪುಟ್‌ನಲ್ಲಿ ಕ್ವೆರಿ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ಉದ್ದ ಇರುತ್ತದೆ: ಎಂ ಅಕ್ಷರದೊಂದಿಗೆ ಬಂದರೆ ಅದು ಮಾದರಿಯ ಉದ್ದ, ಎಲ್ ಅಕ್ಷರದೊಂದಿಗೆ ಬಂದರೆ ಸೀಕ್ವೆನ್ಸಿನ ಉದ್ದ. ಟೇಬಲ್ ಫೈಲುಗಳ ಕೊನೆಯಲ್ಲಿ ಹ್ಯಾಶ್ ಗುರುತಿನ ಸಾಲುಗಳಲ್ಲಿ ಪ್ರೋಗ್ರಾಂ ಹೆಸರು, ಆವೃತ್ತಿ, ಸರ್ಚೋ ಸ್ಕ್ಯಾನೋ ಎಂಬ ಪೈಪ್‌ಲೈನ್ ಮೋಡ್, ಕೊಟ್ಟ ಆಯ್ಕೆಗಳು ಎಲ್ಲವೂ ಬರೆದಿರುತ್ತವೆ. ಕಟ್ಟಕಡೆಗೆ ಓಕೆ ಎಂಬ ಸಾಲು. ಪಾರ್ಸರ್ ಈ ಸಾಲುಗಳನ್ನು ಕಾಮೆಂಟ್ ಎಂದು ಎಸೆಯದೆ ಓದಲಿ. ಓಕೆ ಸಾಲು ಇಲ್ಲದಿದ್ದರೆ ಓಟ ನಡುವೆಯೇ ನಿಂತಿದೆ ಎಂದರ್ಥ. ಅಂಥ ಫೈಲನ್ನು ನಿರಾಕರಿಸಲಿ.

ಹಂತ 2: ಮೂರು ಅಂತಸ್ತು ಕಟ್ಟಿ, ಒಂದೇ ಪಟ್ಟಿಗೆ ಚಪ್ಪಟೆ ಮಾಡಬೇಡಿ

ಡ್ರೊಸೋಫಿಲಾ ಹಣ್ಣುನೊಣದ ಸೆವೆನ್‌ಲೆಸ್ ಎಂಬ ಪ್ರೋಟೀನ್ ತೆಗೆದುಕೊಳ್ಳಿ. 2,554 ಅಮೈನೋ ಆಮ್ಲಗಳ ಉದ್ದದ ಗ್ರಾಹಕ ಪ್ರೋಟೀನ್ ಅದು. ಅದರಲ್ಲಿ ಫೈಬ್ರೊನೆಕ್ಟಿನ್ ಟೈಪ್ 3 ಡೊಮೇನ್ ಹಲವು ಸಲ ಮರುಕಳಿಸುತ್ತದೆ, ಕೊನೆಯ ಕಡೆಗೆ ಒಂದು ಕೈನೇಸ್ ಡೊಮೇನ್ ಇದೆ. ಇದನ್ನು ಪಿಫ್ಯಾಮ್ ವಿರುದ್ಧ ಸ್ಕ್ಯಾನ್ ಮಾಡಿದರೆ ಫಲಿತಾಂಶ ಹೀಗೆ ಪದರಪದರವಾಗಿ ಬರುತ್ತದೆ: ಒಂದು ಪ್ರೋಟೀನ್, ಅದಕ್ಕೆ ಹೊಂದಿದ ಕೆಲವು ಮಾದರಿಗಳು, ಒಂದೊಂದು ಮಾದರಿಯ ಅಡಿಯಲ್ಲಿ ಒಂದು ಅಥವಾ ಹಲವು ಡೊಮೇನ್‌ಗಳು.

ಹಾಗಾಗಿ ಕ್ಲಾಸ್‌ಗಳೂ ಮೂರು. ಮೇಲಿನದು ಇಡೀ ಓಟದ ಫಲಿತಾಂಶ: ಪ್ರೋಗ್ರಾಂ, ಆವೃತ್ತಿ, ಮಾದರಿ ಸಂಗ್ರಹದ ಹೆಸರು, ಆಯ್ಕೆಗಳು. ನಡುವಿನದು ಹೊಂದಿಕೆ, ಅಂದರೆ ಒಂದು ಮಾದರಿ ಮತ್ತು ಒಂದು ಸೀಕ್ವೆನ್ಸಿನ ಜೋಡಿ, ಇಡೀ ಸೀಕ್ವೆನ್ಸಿಗೆ ಸಿಕ್ಕ ಸ್ಕೋರ್ ಸಮೇತ. ಕೆಳಗಿನದು ಡೊಮೇನ್. ಬರೆದರೆ ಹೀಗೆ ಕಾಣುತ್ತದೆ:

ಕ್ಲಾಸ್ ಹೊಂದಿಕೆ
    ಮಾದರಿ_ಹೆಸರು, ಮಾದರಿ_ಸಂಖ್ಯೆ, ಮಾದರಿ_ಉದ್ದ
    ಸೀಕ್ವೆನ್ಸ್_ಹೆಸರು, ಸೀಕ್ವೆನ್ಸ್_ಉದ್ದ
    ಒಟ್ಟು_ಸ್ಕೋರ್, ಒಟ್ಟು_ಇ, ಒಟ್ಟು_ಬಯಾಸ್
    ಡೊಮೇನ್‌ಗಳು

ಕ್ಲಾಸ್ ಡೊಮೇನ್
    ಮಾದರಿ_ಮೊದಲು, ಮಾದರಿ_ಕೊನೆ
    ಅಲೈನ್_ಮೊದಲು, ಅಲೈನ್_ಕೊನೆ
    ಎನ್ವಲಪ್_ಮೊದಲು, ಎನ್ವಲಪ್_ಕೊನೆ
    ಸ್ಕೋರ್, ಬಯಾಸ್, ಸ್ವತಂತ್ರ_ಇ, ಷರತ್ತಿನ_ಇ, ನಿಖರತೆ

ನಡುವಿನ ಅಂತಸ್ತನ್ನು ಬಿಟ್ಟು ಡೊಮೇನ್‌ಗಳನ್ನೇ ಒಂದು ದೊಡ್ಡ ಪಟ್ಟಿಯಾಗಿ ಇಟ್ಟುಕೊಂಡರೆ ಸಾಲದೆ ಎಂದು ಹಲವರು ಕೇಳುತ್ತಾರೆ. ಸಾಲದು. ಒಂದು ಸೀಕ್ವೆನ್ಸಿನಲ್ಲಿ ಐದಾರು ದುರ್ಬಲ ಮರುಕಳಿಕೆಗಳಿದ್ದು, ಯಾವೊಂದೂ ತಾನಾಗಿ ಮಿತಿ ದಾಟದೆ, ಎಲ್ಲವೂ ಕೂಡಿದಾಗ ಒಟ್ಟು ಸ್ಕೋರ್ ಚೆನ್ನಾಗಿ ಮಿತಿ ದಾಟಬಹುದು. ಒಟ್ಟು ಸೀಕ್ವೆನ್ಸ್ ಮಿತಿ ದಾಟಿದರೂ ವರದಿ ಮಾಡಲು ತಕ್ಕ ಒಂದು ಡೊಮೇನೂ ಇಲ್ಲ ಎಂದು ಹ್ಯಾಮರ್ ಸ್ಪಷ್ಟವಾಗಿ ಹೇಳುವ ಸಂದರ್ಭವೂ ಇದೆ. ಚಪ್ಪಟೆ ಪಟ್ಟಿಯಲ್ಲಿ ಅಂಥ ಹೊಂದಿಕೆ ಮಾಯವಾಗುತ್ತದೆ. ನಿಮ್ಮ ಹೊಂದಿಕೆ ಕ್ಲಾಸ್ ಖಾಲಿ ಡೊಮೇನ್ ಪಟ್ಟಿಯನ್ನು ಸಹಜವೆಂದೇ ಒಪ್ಪಬೇಕು. 'ಮೊದಲ ಡೊಮೇನ್' ಎಂದು ಕಣ್ಣುಮುಚ್ಚಿ ಕೈ ಹಾಕುವ ಮೆಥಡ್ ಬರೆಯಬೇಡಿ.

ಬಯೋಪೈಥಾನ್‌ನ ಸರ್ಚ್‌ಐಒ 2013ರಲ್ಲಿ 1.61 ಆವೃತ್ತಿಯೊಂದಿಗೆ ಬಂದಾಗಿನಿಂದಲೂ ಇದೇ ಪದರಗಳನ್ನು ಇಟ್ಟುಕೊಂಡಿದೆ: ಕ್ವೆರಿರಿಸಲ್ಟ್, ಹಿಟ್, ಎಚ್‌ಎಸ್‌ಪಿ, ಅದರ ಕೆಳಗೆ ಎಚ್‌ಎಸ್‌ಪಿಫ್ರಾಗ್ಮೆಂಟ್. ಹ್ಯಾಮರ್ ಡೊಮೇನ್ ಇಲ್ಲಿ ಎಚ್‌ಎಸ್‌ಪಿ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಓದುವ ಕೆಲಸಕ್ಕೆ ಈ ಲೈಬ್ರರಿಯನ್ನೇ ಬಳಸಿ, ಓದಿದ ತಕ್ಷಣ ನಿಮ್ಮ ಸ್ವಂತ ಹೊಂದಿಕೆ, ಡೊಮೇನ್ ಆಬ್ಜೆಕ್ಟ್‌ಗಳಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಪೈಥಾನ್ 3.10 ಅಥವಾ ಅದರ ನಂತರದ ಆವೃತ್ತಿ ಇದ್ದರೆ ಡೇಟಾಕ್ಲಾಸ್‌ಗಳಿಗೆ ಫ್ರೋಜನ್, ಸ್ಲಾಟ್ಸ್ ಎರಡನ್ನೂ ಹಾಕಿ. ಫಲಿತಾಂಶವನ್ನು ಯಾರೂ ಅಪ್ಪಿತಪ್ಪಿ ತಿದ್ದಲಾಗುವುದಿಲ್ಲ, ಲಕ್ಷಾಂತರ ಆಬ್ಜೆಕ್ಟ್‌ಗಳಿದ್ದರೂ ಮೆಮೊರಿ ಕಡಿಮೆ ಸಾಕು.

ಹಂತ 3: ಸರಿಯಾದ ಫೈಲ್ ಆರಿಸಿ, ಸರಿಯಾಗಿ ಒಡೆಯಿರಿ

ಮೂರು ಬಗೆಯ ಔಟ್‌ಪುಟ್ ಸಾಮಾನ್ಯ. ಪೂರ್ಣ ಪಠ್ಯದಲ್ಲಿ ಅಲೈನ್‌ಮೆಂಟ್ ಸಮೇತ ಎಲ್ಲ ಇರುತ್ತದೆ. ಟಿಬಿಎಲ್‌ಔಟ್ ಹೊಂದಿಕೆಗೊಂದು ಸಾಲು ಕೊಡುತ್ತದೆ. ಡಾಮ್‌ಟಿಬಿಎಲ್‌ಔಟ್ ಡೊಮೇನಿಗೊಂದು ಸಾಲು ಕೊಡುತ್ತದೆ. ಅಲೈನ್‌ಮೆಂಟಿನ ಅಕ್ಷರಗಳೇ ಬೇಕಾಗಿಲ್ಲದಿದ್ದರೆ ಡಾಮ್‌ಟಿಬಿಎಲ್‌ಔಟ್ ಸಾಕು.

ಅದರಲ್ಲಿ 22 ಕಾಲಂಗಳು ಖಾಲಿ ಜಾಗದಿಂದ ಬೇರ್ಪಟ್ಟಿರುತ್ತವೆ, 23ನೆಯದು ವಿವರಣೆ. ವಿವರಣೆಯೊಳಗೂ ಖಾಲಿ ಜಾಗಗಳಿರುವುದರಿಂದ ಸಾಲನ್ನು ಒಡೆಯುವಾಗ 22 ಸಲ ಮಾತ್ರ ಒಡೆಯಿರಿ. ಟ್ಯಾಬ್ ಹುಡುಕಬೇಡಿ, ಟ್ಯಾಬ್ ಇರುವುದಿಲ್ಲ. ಮೊದಲ ಮೂರು ಕಾಲಂ ಗುರಿಯ ಹೆಸರು, ಸಂಖ್ಯೆ, ಉದ್ದ. ಮುಂದಿನ ಮೂರು ಕ್ವೆರಿಯ ಹೆಸರು, ಸಂಖ್ಯೆ, ಉದ್ದ. ದಿಕ್ಕಿಗೆ ತಕ್ಕಂತೆ ಅದಲುಬದಲಾಗುವುದು ಈ ಆರು ಮಾತ್ರ. 16 ಮತ್ತು 17ನೇ ಕಾಲಂ ಯಾವ ಕಡೆಯಿಂದ ಓಡಿಸಿದರೂ ಮಾದರಿಯ ಮೇಲಿನ ಜಾಗವೇ, 18ರಿಂದ 21ರವರೆಗಿನವು ಸೀಕ್ವೆನ್ಸಿನ ಮೇಲಿನ ಜಾಗಗಳೇ. ಸ್ವಂತ ಪಾರ್ಸರ್ ಬರೆಯುವವರಿಗೆ ಇದರಿಂದ ಕೆಲಸ ಬಹಳ ಹಗುರ.

ಅಕ್ಸೆಷನ್ ಸಂಖ್ಯೆ (ಸಂಗ್ರಹ ಕೊಟ್ಟ ಗುರುತಿನ ಸಂಖ್ಯೆ) ಇಲ್ಲದ ಕಡೆ ಒಂದು ಅಡ್ಡಗೆರೆ ಇರುತ್ತದೆ. ಅದನ್ನು ಸ್ಟ್ರಿಂಗ್ ಆಗಿ ಉಳಿಸದೆ 'ಇಲ್ಲ' ಎಂಬ ಬೆಲೆಗೆ ಬದಲಿಸಿ. ಇಲ್ಲದಿದ್ದರೆ ಸಂಖ್ಯೆ ಇಲ್ಲದ ಮಾದರಿಗಳೆಲ್ಲ ಡಿಕ್ಷನರಿಯಲ್ಲಿ ಒಂದೇ ಕೀಲಿಯಡಿ ಸೇರಿಕೊಳ್ಳುತ್ತವೆ. ಸೀಕ್ವೆನ್ಸಿನ ಹೆಸರೆಂದು ಹ್ಯಾಮರ್ ತೆಗೆದುಕೊಳ್ಳುವುದು ಫಾಸ್ಟಾ (ಸೀಕ್ವೆನ್ಸ್‌ಗಳನ್ನು ಬರೆದಿಡುವ ಪಠ್ಯ ಫೈಲ್) ಶೀರ್ಷಿಕೆಯ ಮೊದಲ ಪದವನ್ನಷ್ಟೇ. ಎರಡು ಶೀರ್ಷಿಕೆಗಳ ಮೊದಲ ಪದ ಒಂದೇ ಆಗಿದ್ದರೆ ಡಿಕ್ಷನರಿಯಲ್ಲಿ ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸುತ್ತದೆ. ಹುಡುಕುವ ಮುನ್ನವೇ ಹೆಸರುಗಳು ಬೇರೆ ಬೇರೆ ಇವೆಯೇ ಎಂದು ಪರೀಕ್ಷಿಸಿ.

ಒಂದೂ ಹೊಂದಿಕೆ ಸಿಗದ ಕ್ವೆರಿ ಟೇಬಲ್ ಫೈಲುಗಳಲ್ಲಿ ಕಾಣಿಸುವುದೇ ಇಲ್ಲ. 'ಹುಡುಕಿದೆವು, ಸಿಗಲಿಲ್ಲ' ಮತ್ತು 'ಹುಡುಕಲೇ ಇಲ್ಲ' ಇವೆರಡೂ ಫೈಲಿನಲ್ಲಿ ಒಂದೇ ರೀತಿ ಕಾಣುತ್ತವೆ. ಮೂಲ ಫಾಸ್ಟಾದಿಂದ ಹೆಸರುಗಳ ಪಟ್ಟಿ ತಂದು, ಸಿಗದವುಗಳಿಗೂ ಖಾಲಿ ಫಲಿತಾಂಶದ ಆಬ್ಜೆಕ್ಟ್ ಸೃಷ್ಟಿಸಿ.

ಹಂತ 4: ಜಾಗಗಳ ಲೆಕ್ಕ

ಹ್ಯಾಮರ್ ಒಂದರಿಂದ ಎಣಿಸುತ್ತದೆ, ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ. ಬಯೋಪೈಥಾನ್ ಓದುವಾಗ ಇದನ್ನು ಪೈಥಾನ್ ಪದ್ಧತಿಗೆ, ಅಂದರೆ ಸೊನ್ನೆಯಿಂದ ಎಣಿಸಿ ಕೊನೆಯ ತುದಿ ಬಿಡುವ ಪದ್ಧತಿಗೆ ಬದಲಿಸುತ್ತದೆ. ಬಯೋಪರ್ಲ್ ಬದಲಿಸುವುದಿಲ್ಲ. ಪಿಎಫ್00096 ಎಂಬ ಸಿ2ಎಚ್2 ಜಿಂಕ್ ಫಿಂಗರ್ ಮಾದರಿಯ ಉದ್ದ 23. ಅದು ಒಂದು ಪ್ರೋಟೀನಿನಲ್ಲಿ 41ರಿಂದ 63ರವರೆಗೆ ಹೊಂದಿದೆ ಎನ್ನಿ. ಫೈಲಿನಲ್ಲಿ 41, 63. ಉದ್ದ ಬೇಕಾದರೆ ಕಳೆದು ಒಂದು ಕೂಡಿಸಬೇಕು. ಬಯೋಪೈಥಾನ್‌ನಲ್ಲಿ 40, 63, ಕಳೆದರೆ ಸಾಕು. ನಿಮ್ಮ ಕ್ಲಾಸ್ ಯಾವ ಪದ್ಧತಿಯದ್ದು ಎಂದು ಅದರ ಡಾಕ್‌ಸ್ಟ್ರಿಂಗ್‌ನ ಮೊದಲ ಸಾಲಿನಲ್ಲೇ ಬರೆಯಿರಿ. ಉದ್ದವನ್ನು ಹೊರಗಿನವರು ಲೆಕ್ಕ ಹಾಕಲು ಬಿಡದೆ ಮೆಥಡ್ ಮೂಲಕವೇ ಕೊಡಿ.

ಅಲೈನ್‌ಮೆಂಟ್ ಮತ್ತು ಎನ್ವಲಪ್ ಎಂಬ ಎರಡು ಜೋಡಿ ಜಾಗಗಳು ಯಾಕೆ? ಡೊಮೇನ್ ಇರುವ ಪ್ರದೇಶ ಎಂದು ಮಾದರಿ ಲೆಕ್ಕ ಹಾಕಿದ ವಿಸ್ತಾರ ಎನ್ವಲಪ್. ಅದರೊಳಗೆ ಅಕ್ಷರಕ್ಕೆ ಅಕ್ಷರ ಭರವಸೆಯಿಂದ ಹೊಂದಿಸಲು ಸಾಧ್ಯವಾದ ಭಾಗ ಅಲೈನ್‌ಮೆಂಟ್. ಡೊಮೇನನ್ನು ಕತ್ತರಿಸಿ ತೆಗೆಯಲು ಎನ್ವಲಪ್ ಬಳಸಿ. ನಿರ್ದಿಷ್ಟ ಅಮೈನೋ ಆಮ್ಲ, ಉದಾಹರಣೆಗೆ ಕಿಣ್ವದ ಸಕ್ರಿಯ ಜಾಗ, ಎಲ್ಲಿದೆ ಎಂದು ನೋಡಲು ಅಲೈನ್‌ಮೆಂಟ್ ಬಳಸಿ.

ಮಾದರಿಯ ಎಷ್ಟು ಭಾಗ ಹೊಂದಿದೆ ಎಂಬ ವ್ಯಾಪ್ತಿಯನ್ನು ಲೆಕ್ಕ ಹಾಕುವಾಗ ಛೇದದಲ್ಲಿ ಮಾದರಿಯ ಉದ್ದ ಇರಬೇಕು. ಎಚ್‌ಎಂಎಂಸ್ಕ್ಯಾನ್‌ನಲ್ಲಿ ಅದು ಮೂರನೇ ಕಾಲಂ, ಎಚ್‌ಎಂಎಂಸರ್ಚ್‌ನಲ್ಲಿ ಆರನೇ ಕಾಲಂ. ಹ್ಯಾಮರ್ 3 ಸ್ಥಳೀಯ ಅಲೈನ್‌ಮೆಂಟ್ ಮಾಡುವುದರಿಂದ ಮಾದರಿಯ ಒಂದು ತುಣುಕು ಮಾತ್ರ ಹೊಂದುವುದು ಸಾಮಾನ್ಯ. ಈ ಅಂಕಿ ಇಲ್ಲದೆ ಪೂರ್ಣ ಡೊಮೇನ್ ಯಾವುದು, ತುಣುಕು ಯಾವುದು ತಿಳಿಯುವುದಿಲ್ಲ. ಡಿಎನ್‌ಎಗೆ ಬಳಸುವ ಎನ್‌ಎಚ್‌ಎಂಎಂಇಆರ್‌ನಲ್ಲಿ ವಿರುದ್ಧ ಎಳೆಯ ಮೇಲೆ ಹೊಂದಿದಾಗ ಆರಂಭದ ಅಂಕಿ ಕೊನೆಯ ಅಂಕಿಗಿಂತ ದೊಡ್ಡದಿರುತ್ತದೆ. ಅಲ್ಲಿ ಎಳೆಯನ್ನು ಪ್ರತ್ಯೇಕ ಗುಣವಾಗಿಟ್ಟು ಅಂಕಿಗಳನ್ನು ಏರಿಕೆಯ ಕ್ರಮಕ್ಕೆ ತನ್ನಿ.

ಹಂತ 5: ಅಂಕಿಗಳ ಅರ್ಥವನ್ನು ಆಬ್ಜೆಕ್ಟಿನೊಳಗೆ ಕಾಪಾಡಿ

ಹೆಚ್ಚು ಜನ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬಿಟ್ ಸ್ಕೋರ್ ಎಂದರೆ ಈ ಸೀಕ್ವೆನ್ಸ್ ಮಾದರಿಯಿಂದ ಬಂದಿರುವ ಸಾಧ್ಯತೆಗೂ ಯಾದೃಚ್ಛಿಕವಾಗಿ ಬಂದಿರುವ ಸಾಧ್ಯತೆಗೂ ಇರುವ ಅನುಪಾತದ, ಎರಡರ ಆಧಾರದ ಲಾಗರಿದಮ್. ಅದು ಆ ಜೋಡಿಗೆ ಸೇರಿದ ಗುಣ. ಇ-ವ್ಯಾಲ್ಯೂ ಹಾಗಲ್ಲ. ಈ ಸ್ಕೋರ್ ಅಥವಾ ಇದಕ್ಕಿಂತ ಹೆಚ್ಚಿನದು ಕೇವಲ ಆಕಸ್ಮಿಕವಾಗಿ ಎಷ್ಟು ಸಲ ಬರಬಹುದು ಎಂಬ ನಿರೀಕ್ಷೆ ಅದು. ಪಿ-ವ್ಯಾಲ್ಯೂವನ್ನು, ಅಂದರೆ ಒಂದೇ ಗುರಿಯಲ್ಲಿ ಅಂಥ ಸ್ಕೋರ್ ಆಕಸ್ಮಿಕವಾಗಿ ಬರುವ ಸಂಭವನೀಯತೆಯನ್ನು, ಹುಡುಕಿದ ಗುರಿಗಳ ಸಂಖ್ಯೆಯಿಂದ ಗುಣಿಸಿದರೆ ಬರುತ್ತದೆ. ಆ ಸಂಖ್ಯೆಗೆ ಹ್ಯಾಮರ್‌ನಲ್ಲಿ ಝಡ್ ಎಂದು ಹೆಸರು. ಒಂದು ಜೋಡಿಯ ಪಿ-ವ್ಯಾಲ್ಯೂ ಹತ್ತು ಕೋಟಿಯಲ್ಲಿ ಒಂದು ಎನ್ನಿ. 20,000 ಮಾದರಿಗಳ ವಿರುದ್ಧ ಸ್ಕ್ಯಾನ್ ಮಾಡಿದರೆ ಇ-ವ್ಯಾಲ್ಯೂ 0.0002. ಅದೇ ಜೋಡಿ 2 ಲಕ್ಷ ಸೀಕ್ವೆನ್ಸ್‌ಗಳ ಹುಡುಕಾಟದಲ್ಲಿ ಸಿಕ್ಕಿದರೆ 0.002. ಜೀವವಿಜ್ಞಾನ ಬದಲಾಗಿಲ್ಲ, ರಾಶಿಯ ಗಾತ್ರ ಬದಲಾಗಿದೆ.

ಇದರ ಪರಿಣಾಮ ಗಂಭೀರ. ಕೆಲಸ ಬೇಗ ಆಗಲಿ ಎಂದು ಸೀಕ್ವೆನ್ಸ್ ರಾಶಿಯನ್ನು ಹತ್ತು ತುಂಡು ಮಾಡಿ ಎಚ್‌ಎಂಎಂಸರ್ಚ್ ಓಡಿಸಿದರೆ ಪ್ರತಿ ತುಂಡಿನ ಝಡ್ ಹತ್ತನೇ ಒಂದು ಭಾಗ. ಇ-ವ್ಯಾಲ್ಯೂಗಳೆಲ್ಲ ಹತ್ತು ಪಟ್ಟು ಚಿಕ್ಕದಾಗಿ, ಇರುವುದಕ್ಕಿಂತ ನಂಬಲರ್ಹವಾಗಿ ಕಾಣುತ್ತವೆ. ನಾನೂ ಒಮ್ಮೆ ಹೀಗೆ ಒಡೆದ ಫೈಲುಗಳನ್ನು ಜೋಡಿಸಿ, ಗಡಿಯಲ್ಲಿದ್ದ ಹೊಂದಿಕೆಗಳನ್ನೆಲ್ಲ ನಿಜವೆಂದು ಒಪ್ಪಿಕೊಂಡಿದ್ದೆ. ತಿಳಿದಾಗ ಇಡೀ ಪಟ್ಟಿಯನ್ನು ಮತ್ತೆ ಮಾಡಬೇಕಾಯಿತು. ಪರಿಹಾರ ಸರಳ: ಓಡಿಸುವಾಗಲೇ ಝಡ್ ಆಯ್ಕೆಯಲ್ಲಿ ಪೂರ್ಣ ರಾಶಿಯ ಸಂಖ್ಯೆ ಕೊಡಿ. ಆಬ್ಜೆಕ್ಟಿನ ಕಡೆಯಿಂದ, ಓಟದ ಕ್ಲಾಸ್‌ನಲ್ಲಿ ಝಡ್ ಒಂದು ಕಡ್ಡಾಯ ಗುಣವಾಗಿರಲಿ. ಎರಡು ಓಟಗಳನ್ನು ಸೇರಿಸುವ ಮೆಥಡ್ ಝಡ್ ಬೇರೆ ಇದ್ದರೆ ಎರರ್ ಎತ್ತಲಿ. ಎಚ್‌ಎಂಎಂಸ್ಕ್ಯಾನ್‌ನಲ್ಲಿ ಕ್ವೆರಿ ಸೀಕ್ವೆನ್ಸ್‌ಗಳನ್ನು ಒಡೆದರೆ ಈ ತೊಂದರೆ ಇಲ್ಲ, ಅಲ್ಲಿ ಝಡ್ ಮಾದರಿಗಳ ಸಂಖ್ಯೆ.

ಡೊಮೇನಿಗೆ ಎರಡು ಇ-ವ್ಯಾಲ್ಯೂ ಇವೆ. ಸ್ವತಂತ್ರ ಇ-ವ್ಯಾಲ್ಯೂ ಪೂರ್ಣ ಝಡ್ ಬಳಸುತ್ತದೆ: ಈ ಡೊಮೇನ್ ಒಂದೇ ಸಿಕ್ಕಿದ್ದರೆ ಎಷ್ಟು ನಂಬಬಹುದಿತ್ತು ಎಂದು ಹೇಳುತ್ತದೆ. ಷರತ್ತಿನ ಇ-ವ್ಯಾಲ್ಯೂ ಈಗಾಗಲೇ ಮಿತಿ ದಾಟಿದ ಗುರಿಗಳ ಸಂಖ್ಯೆಯನ್ನಷ್ಟೇ ಬಳಸುತ್ತದೆ. ಸಾಮಾನ್ಯ ಸೋಸುವಿಕೆಗೆ ಸ್ವತಂತ್ರದ್ದನ್ನೇ ಬಳಸಿ. 'ಇವ್ಯಾಲ್ಯೂ' ಎಂಬ ಒಂದೇ ಹೆಸರಿನಡಿ ಎರಡರಲ್ಲಿ ಯಾವುದನ್ನೋ ಇಡುವುದು ಮುಂದೆ ಯಾರನ್ನಾದರೂ ದಾರಿ ತಪ್ಪಿಸುತ್ತದೆ.

ಬಹಳ ಚಿಕ್ಕ ಇ-ವ್ಯಾಲ್ಯೂ ಫೈಲಿನಲ್ಲಿ ಸೊನ್ನೆ ಎಂದೇ ಬರುತ್ತದೆ. ಅದರ ಲಾಗ್ ತೆಗೆಯಲು ಹೋದರೆ ಕೋಡ್ ಬೀಳುತ್ತದೆ. ಅದರ ಮೇಲೆ ಕ್ರಮ ಹಾಕಿದರೆ ಸೊನ್ನೆಗಳೆಲ್ಲ ಸಮ ಎನಿಸುತ್ತವೆ. ಕ್ರಮಕ್ಕೆ ಯಾವಾಗಲೂ ಬಿಟ್ ಸ್ಕೋರ್ ಬಳಸಿ. ಒಂದು ಬಿಟ್ ಹೆಚ್ಚಾದರೆ ಪಿ-ವ್ಯಾಲ್ಯೂ ಸುಮಾರು ಅರ್ಧವಾಗುತ್ತದೆ, ಹತ್ತು ಬಿಟ್ ಹೆಚ್ಚಾದರೆ ಸುಮಾರು ಸಾವಿರದಲ್ಲಿ ಒಂದಾಗುತ್ತದೆ.

ಬಯಾಸ್ ಕಾಲಂ ಕಡೆಗಣಿಸಬೇಡಿ. ಒಂದೇ ಬಗೆಯ ಅಮೈನೋ ಆಮ್ಲಗಳು ತುಂಬಿರುವ ಸೀಕ್ವೆನ್ಸ್‌ಗಳಿಗೆ ಸುಮ್ಮನೆ ಸ್ಕೋರ್ ಏರುವುದನ್ನು ಹ್ಯಾಮರ್ ಎಷ್ಟು ತಗ್ಗಿಸಿದೆ ಎಂಬ ಅಂಕಿ ಅದು. ಸ್ಕೋರ್‌ಗೆ ಸಮೀಪದಷ್ಟೇ ಬಯಾಸ್ ಇದ್ದರೆ ಆ ಹೊಂದಿಕೆಯನ್ನು ಕಣ್ಣಿಂದ ನೋಡದೆ ನಂಬಬೇಡಿ. ಡೊಮೇನ್ ಕ್ಲಾಸ್‌ಗೆ 'ಸಂಶಯಾಸ್ಪದವೇ' ಎಂಬ ಮೆಥಡ್ ಸೇರಿಸುವುದು ಒಳ್ಳೆಯ ಅಭ್ಯಾಸ.

ಹಂತ 6: ಸೋಸುವ ನಿಯಮ ಆಬ್ಜೆಕ್ಟಿನ ಹೊರಗಿರಲಿ

ಹ್ಯಾಮರ್ ತಾನಾಗಿ ಇ-ವ್ಯಾಲ್ಯೂ 10ರವರೆಗೆ ಎಲ್ಲವನ್ನೂ ವರದಿ ಮಾಡುತ್ತದೆ, 0.01ರೊಳಗಿನದನ್ನು ಸೇರ್ಪಡೆಗೆ ಅರ್ಹ ಎಂದು ಗುರುತಿಸುತ್ತದೆ. ವರದಿಯಾಗಿದೆ ಎಂದರೆ ನಿಜ ಎಂದಲ್ಲ. ಪಿಫ್ಯಾಮ್ ಮಾದರಿಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ: ಪ್ರತಿ ಕುಟುಂಬಕ್ಕೂ ಸಂಪಾದಕರು ಕೈಯಾರೆ ಇಟ್ಟ ಗ್ಯಾದರಿಂಗ್ ಮಿತಿ. ಅದರಲ್ಲಿ ಎರಡು ಬಿಟ್ ಸ್ಕೋರ್‌ಗಳಿರುತ್ತವೆ, ಒಂದು ಇಡೀ ಸೀಕ್ವೆನ್ಸಿಗೆ, ಇನ್ನೊಂದು ಡೊಮೇನಿಗೆ. ಮಾದರಿ ಫೈಲಿನ ಜಿಎ ಸಾಲಿನಲ್ಲಿ ಇವು ಸಿಗುತ್ತವೆ. ಕಟ್‌ಜಿಎ ಆಯ್ಕೆ ಕೊಟ್ಟರೆ ಹ್ಯಾಮರ್ ತಾನೇ ಅನ್ವಯಿಸುತ್ತದೆ. ಇವು ಬಿಟ್ ಸ್ಕೋರ್ ಆದ್ದರಿಂದ ಝಡ್‌ನ ತಂಟೆಯೂ ಇಲ್ಲ. ಆಯ್ಕೆ ನನ್ನದಾದರೆ ಪಿಫ್ಯಾಮ್‌ಗೆ ಬೇರೇನನ್ನೂ ಬಳಸುವುದಿಲ್ಲ.

ಸೋಸುವ ನಿಯಮಗಳನ್ನು ಡೊಮೇನ್ ಕ್ಲಾಸ್‌ನೊಳಗೆ ಬರೆಯದೆ ಪ್ರತ್ಯೇಕ ಫಂಕ್ಷನ್‌ಗಳಾಗಿ ಇಡಿ. ಬಯೋಪೈಥಾನ್‌ನ ಹಿಟ್‌ಫಿಲ್ಟರ್, ಎಚ್‌ಎಸ್‌ಪಿಫಿಲ್ಟರ್ ಮೆಥಡ್‌ಗಳೂ ಹೀಗೆಯೇ: ಫಂಕ್ಷನ್ ಕೊಡಿ, ಸೋಸಿದ ಹೊಸ ಆಬ್ಜೆಕ್ಟ್ ಪಡೆಯಿರಿ, ಮೂಲ ಹಾಗೆಯೇ ಉಳಿಯುತ್ತದೆ.

ಹಂತ 7: ಮೇಲೆ ಮೇಲೆ ಬಿದ್ದ ಡೊಮೇನ್‌ಗಳು, ಮುರಿದ ಡೊಮೇನ್‌ಗಳು

ಹತ್ತಿರದ ಸಂಬಂಧವಿರುವ ಕುಟುಂಬಗಳ ಮಾದರಿಗಳು ಸೀಕ್ವೆನ್ಸಿನ ಒಂದೇ ಭಾಗಕ್ಕೆ ಹೊಂದುತ್ತವೆ. ಅಂಥ ಕುಟುಂಬಗಳನ್ನು ಪಿಫ್ಯಾಮ್ ಕ್ಲ್ಯಾನ್ ಎಂದು ಗುಂಪು ಮಾಡಿದೆ. ಒಂದೇ ಕ್ಲ್ಯಾನಿನ ಡೊಮೇನ್‌ಗಳನ್ನು ಸ್ಕೋರ್ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಒಂದೊಂದಾಗಿ ಎತ್ತಿಕೊಳ್ಳಿ. ಈಗಾಗಲೇ ಒಪ್ಪಿದ ಡೊಮೇನಿನ ಮೇಲೆ ಬೀಳುವುದನ್ನು ಬಿಡಿ. ಬೇರೆ ಕ್ಲ್ಯಾನಿನದ್ದಾದರೆ ಅವಸರ ಬೇಡ: ಒಂದು ಡೊಮೇನಿನ ಹೊಟ್ಟೆಯೊಳಗೆ ಇನ್ನೊಂದು ಡೊಮೇನ್ ಸೇರಿಕೊಂಡಿರುವುದು ಪ್ರಕೃತಿಯಲ್ಲಿ ನಿಜವಾಗಿಯೂ ಇದೆ.

ಆ ಸೇರ್ಪಡೆಯಿಂದಲೇ ಹೊರಗಿನ ಡೊಮೇನ್ ಎರಡು ತುಂಡಾಗಿ ವರದಿಯಾಗಬಹುದು. ಇದನ್ನೂ ಮರುಕಳಿಕೆಯನ್ನೂ ಬೇರ್ಪಡಿಸುವುದು ಮಾದರಿಯ ಮೇಲಿನ ಜಾಗಗಳಿಂದ. ಆಂಕಿರಿನ್‌ನಂಥ ಮರುಕಳಿಕೆಯಲ್ಲಿ ಪ್ರತಿ ಡೊಮೇನೂ ಮಾದರಿಯ ಆರಂಭದಿಂದ ಕೊನೆಯವರೆಗೆ ಹೊಂದುತ್ತದೆ. ಮುರಿದ ಡೊಮೇನಿನಲ್ಲಿ ಮೊದಲ ತುಂಡು ಮಾದರಿಯ 1ರಿಂದ 60, ಎರಡನೆಯದು 63ರಿಂದ 130 ಹೀಗಿರುತ್ತದೆ. ಮಾದರಿಯಲ್ಲೂ ಸೀಕ್ವೆನ್ಸಿನಲ್ಲೂ ಅದೇ ಕ್ರಮದಲ್ಲಿದ್ದು, ಮಾದರಿಯ ಜಾಗಗಳು ಒಂದರ ಮೇಲೊಂದು ಬೀಳದಿದ್ದರೆ ಮಾತ್ರ ಸೇರಿಸಿ. ಸೇರಿಸಿದ್ದಕ್ಕೆ ಹೊಸ ಕ್ಲಾಸ್ ಮಾಡಿ, ಅದು ಮೂಲ ತುಂಡುಗಳನ್ನು ಒಳಗೇ ಹಿಡಿದಿರಲಿ. ಸ್ಕೋರ್‌ಗಳನ್ನು ಕೂಡಿಸಿ ಒಂದೇ ಸ್ಕೋರ್ ಎಂದು ಬರೆಯಬೇಡಿ, ಹ್ಯಾಮರ್ ಹಾಗೆ ಲೆಕ್ಕ ಹಾಕಿಲ್ಲ.

ಹಂತ 8: ಪರೀಕ್ಷೆಗಳು

ದೊಡ್ಡ ಫೈಲುಗಳನ್ನು ಪೂರ್ತಿ ಮೆಮೊರಿಗೆ ಎಳೆಯದೆ ಒಂದು ಸಲಕ್ಕೆ ಒಂದು ಕ್ವೆರಿಯಂತೆ ಜನರೇಟರ್ ಮೂಲಕ ಓದಿ. ಬಯೋಪೈಥಾನ್‌ನ ಪಾರ್ಸ್ ಹಾಗೆಯೇ ಕೆಲಸ ಮಾಡುತ್ತದೆ. ಆಮೇಲೆ ಪುಟ್ಟ ಪರೀಕ್ಷಾ ಫೈಲುಗಳನ್ನು ಕೂಡಿಸಿಡಿ: ಒಂದೂ ಹೊಂದಿಕೆ ಇಲ್ಲದ್ದು, ಡೊಮೇನ್ ಇಲ್ಲದ ಹೊಂದಿಕೆಯದ್ದು, ವಿವರಣೆಯಲ್ಲಿ ಖಾಲಿ ಜಾಗಗಳಿರುವುದು, ಅಕ್ಸೆಷನ್ ಇಲ್ಲದ್ದು, ಇ-ವ್ಯಾಲ್ಯೂ ಸೊನ್ನೆಯಿರುವುದು, ಓಕೆ ಸಾಲಿಲ್ಲದೆ ನಡುವೆ ತುಂಡಾದದ್ದು.

ಇವೆಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇನ್ನೊಂದಿದೆ. ಹತ್ತಾರು ಮಾದರಿ, ನೂರಾರು ಸೀಕ್ವೆನ್ಸ್ ತೆಗೆದುಕೊಂಡು ಒಮ್ಮೆ ಎಚ್‌ಎಂಎಂಸರ್ಚ್, ಒಮ್ಮೆ ಎಚ್‌ಎಂಎಂಸ್ಕ್ಯಾನ್ ಓಡಿಸಿ. ಎರಡನ್ನೂ ನಿಮ್ಮ ಪಾರ್ಸರ್‌ಗೆ ಕೊಟ್ಟು, ಬಲವಾದ ಹೊಂದಿಕೆಗಳಲ್ಲಿ ಮಾದರಿ, ಸೀಕ್ವೆನ್ಸ್, ಜಾಗಗಳು, ಬಿಟ್ ಸ್ಕೋರ್ ಇವನ್ನು ಹೋಲಿಸಿ. ಕ್ಲಾಸ್‌ಗಳು ಸರಿಯಾಗಿದ್ದರೆ ಇವು ತಾಳೆಯಾಗುತ್ತವೆ, ಇಡೀ ಸೀಕ್ವೆನ್ಸಿನ ಇ-ವ್ಯಾಲ್ಯೂಗಳು ಮಾತ್ರ ಎರಡು ಝಡ್‌ಗಳ ಅನುಪಾತದಷ್ಟು ಬೇರೆಯಾಗಿರುತ್ತವೆ. ತಾಳೆಯಾಗದಿದ್ದರೆ ಮೊದಲು ಒಂದನೇ ಹಂತಕ್ಕೆ ಹಿಂತಿರುಗಿ, ಮೂರನೇ ಹಂತದ ಆ ಆರು ಕಾಲಂಗಳನ್ನೂ ನೋಡಿ.